ಮತ್ತು ಇತರರು

ಸಿಂದಗಿ
ಫೆಬ್ರುವರಿ ೧೨, ೨೦೨೫

ಪ್ರೀತಿಯ ಯಾಸ್ಮಿನ,

ನಿನಗೂ ನಿನ್ನ ತಾಯಿ ಸುಲ್ತಾನಬಿ ಖಾಲಾಗೂ ನನ್ನ ಸಲಾಮು. ಕಾಗದ ಬರೆಯುತ್ತೇನೆ, ಬರೆಯುತ್ತೇನೆ ಎಂದು ಹದಿನಾಲ್ಕು ತಿಂಗಳು ಕಳೆದುಬಿಟ್ಟೆ. ಬೈಯುವುದಿದ್ದರೆ ಬೈದುಬಿಡು. ಆಲಮೇಲದ ಸಾಲಿಯಲ್ಲಿ ಮಾಸ್ತರರ ಕಣ್ಣು ತಪ್ಪಿಸಿ ದಿನಕ್ಕೆ ನಾಲ್ಕು ಚೀಟಿ ಬರೆದು ನಿನ್ನ ಪಾಟಿಚೀಲಕ್ಕೆ ತುರುಕುತ್ತಿದ್ದವಳು ನಾನೇನಾ ಎಂದು ನನಗೇ ನಾಚಿಕೆ.

ನಿನ್ನೆ ಫೋನಿನಲ್ಲಿ ನಿನ್ನದು ಅಳು, ನನ್ನದು ಕೂಗಾಟ. ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ, ಜನ ಎಲ್ಲ ತಿರುಗಿ ನೋಡಿದರು, ನೋಡಲಿ! ಆಸಿಫನಿಗೆ ಜಾಮೀನು ಸಿಕ್ಕಿತು! ಇನ್ನೂ ಹತ್ತು ಸಲ ಬರೆಯಬೇಕೆನಿಸುತ್ತದೆ. ನಿನ್ನ ತಮ್ಮ ಶುಕ್ರವಾರ ಹೊರಗೆ ಬರುತ್ತಾನೆ. ವಕೀಲ ಸಿದ್ಧರಾಮ ಅವರ ಗುಮಾಸ್ತ ನಿಯಾಜ, ಜಾಮೀನು ಕಾಗದಕ್ಕೆ ಖಾಲಾನ ಸಹಿ ಬೇಕೆಂದು ನಿಡಗುಂದಿಗೆ ಹೊರಟಿದ್ದಾನೆ, ಅವನ ಕೈಯಲ್ಲೇ ಈ ಕಾಗದ ಕೊಟ್ಟಿದ್ದೇನೆ. ಖಾಲಾನ ಕಣ್ಣು ಈಗ ಅಕ್ಷರ ಹಿಡಿಯುವುದಿಲ್ಲವಲ್ಲ, ನೀನೇ ಗಟ್ಟಿಯಾಗಿ ಓದಿ ಹೇಳು. ಅವರಿಗೆ ತಿಳಿಯಲೆಂದೇ ಮೊದಲಿಂದ ಬರೆಯುತ್ತೇನೆ.

ಖಾಲಾ, ಅವತ್ತು ಇಂಡಿ ರಸ್ತೆಯಲ್ಲಿ ಕಾಲುವೆ ನೀರಿಗಾಗಿ ರೈತರು ಧರಣಿ ಕುಳಿತಾಗ ಆಸಿಫ ನಿಮ್ಮ ಕೈ ಹಿಡಿದುಕೊಂಡು ಮುದ್ದೇಬಿಹಾಳದ ಕಣ್ಣಿನ ದವಾಖಾನೆಯಲ್ಲಿದ್ದ. ಇದು ನಿಮಗೆ ಗೊತ್ತು, ಯಾಸ್ಮಿನಗೆ ಗೊತ್ತು. ಆದರೆ ದವಾಖಾನೆಯ ಪುಸ್ತಕದಲ್ಲಿ ಇದ್ದದ್ದು ನಿಮ್ಮ ಹೆಸರು ಮಾತ್ರ. ಅತ್ತ ಧರಣಿಯಲ್ಲಿ ಒಂದು ಬಸ್ಸಿನ ಗಾಜು ಒಡೆಯಿತು. ಭಾಷಣದಲ್ಲಿ, ಕರಪತ್ರದಲ್ಲಿ ಸರಕಾರವನ್ನು ವರ್ಷಾನುಗಟ್ಟಲೆ ಕುಟುಕಿದ ಆಸಿಫನ ಮೇಲೆ ಪೊಲೀಸರ ಕಣ್ಣು ಮೊದಲೇ ಇತ್ತು. ಸರಕಾರದ ವಿರುದ್ಧ ಸಂಚು ಎಂಬ ಕಲಂ ಜಡಿದು ಒಳಗೆ ಹಾಕಿದರು. ಸಾಕ್ಷಿ ಏನು? ಮರುದಿನದ ನಾಲ್ಕು ಪತ್ರಿಕೆ. ನಾಲ್ಕರಲ್ಲೂ ಭಾಗವಹಿಸಿದವರ ಪಟ್ಟಿಯಲ್ಲಿ ಮೊದಲ ಹೆಸರು ಅವನದೇ.

ನಮ್ಮಂಥ ತಾಲೂಕು ವರದಿಗಾರರ ಸುದ್ದಿಯ ಬಾಲ ಹೇಗಿರುತ್ತದೆಂದು ನಿಮಗೆ ಗೊತ್ತಲ್ಲ. ಯಾರ್ಯಾರು ಇದ್ದರೆಂದು ಹತ್ತು ಹೆಸರು, ಕೊನೆಗೆ 'ಮತ್ತು ಇತರರು'. ಆ ಹತ್ತರೊಳಗೆ ಬರಲು ಜನ ಏನೆಲ್ಲ ಮಾಡುತ್ತಾರೆ! ನಮ್ಮ ಸಿಂದಗಿಯ ಬಸಂತರಾಯರು, ರಿಟೈರಾದ ಕಂಪೌಂಡರ್, ಮನೆಯಲ್ಲಿ ಮಲಗಿಕೊಂಡೇ ಫೋನ್ ಮಾಡುತ್ತಾರೆ, "ಕಾವೇರವ್ವಾ, ನನ್ನ ಹೆಸರೂ ಒಂದೀಟ ಸೇರಸು." ಒಮ್ಮೆ ಒಂದೇ ದಿನ ಇಂಡಿಯ ಧರಣಿಯಲ್ಲೂ ಬಾಗೇವಾಡಿಯ ಸನ್ಮಾನದಲ್ಲೂ ಅವರಿದ್ದರು, ಪತ್ರಿಕೆಯ ಪ್ರಕಾರ. ನಿಮ್ಮ ಮಗನೇನು ಕಡಿಮೆಯೇ? ಒಮ್ಮೆ ನಾನು ಅವನ ಹೆಸರು ಬಿಟ್ಟಿದ್ದಕ್ಕೆ ಪತ್ರಿಕೆ ಹಿಡಿದುಕೊಂಡೇ ಬಂದ. "ಅಕ್ಕಾ, ಮೂರು ತಾಸು ಬಿಸಿಲಾಗ ನಿಂತು ಗಂಟಲ ಹರಕೊಂಡೇನಿ. ನಿನ್ನ ಪೇಪರಿನ್ಯಾಗ ನಾ ಇತರರು ಆಗೇನಿ ನೋಡು!" ಎಂದ. ಎರಡು ತಿಂಗಳು ಮಾತು ಬಿಟ್ಟಿದ್ದ, ಭೂಪ.

ಈಗ ಕೋರ್ಟಿನ ಮಾತು ಕೇಳಿರಿ. ಸರಕಾರಿ ವಕೀಲರು ನಾಲ್ಕೂ ಪತ್ರಿಕೆ ಎತ್ತಿ ಹಿಡಿದು, ನಾಲ್ವರು ವರದಿಗಾರರು ಕೂಡಿಕೊಂಡು ಸುಳ್ಳು ಹೇಳುತ್ತಾರೆಯೇ ಎಂದು ಕೇಳಿದರು. ನಮ್ಮ ಸಿದ್ಧರಾಮ ವಕೀಲರು ಎದ್ದು, ಅವೇ ನಾಲ್ಕು ಪತ್ರಿಕೆಗಳನ್ನು ಜಡ್ಜರ ಮುಂದೆ ಸಾಲಾಗಿ ಹಾಸಿದರು. ನಾಲ್ಕರಲ್ಲೂ ಅದೇ ಹದಿನಾಲ್ಕು ಸಾಲು, ಅವೇ ಹೆಸರು, ಅದೇ ಕ್ರಮ. ಏಳನೆಯ ಹೆಸರು ಬಸಂತರಾಯರದು! ಆಮೇಲೆ ಬಸಂತರಾಯರ ಅಫಿಡವಿಟ್ ಓದಿದರು: ಆ ದಿನ ತಾನು ಮಗಳ ಊರಲ್ಲಿದ್ದೆ, ಹೆಸರು ಹಾಕಿರೆಂದು ಫೋನ್ ಮಾಡಿದ್ದೆ, ಅಷ್ಟೇ. ಜಡ್ಜರು ಕನ್ನಡಕ ತೆಗೆದು ನಕ್ಕರು, ಖಾಲಾ! ಪೊಲೀಸರು ಈ ಬಸಂತರಾಯರನ್ನು ಒಂದು ಸಲವೂ ಕರೆದು ಕೇಳಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದೇ ಹೆಸರು.

ಅದರ ಹಿಂದೆಯೇ ಇನ್ನೊಂದು ಅಫಿಡವಿಟ್. ಅದು ಆ ಸುದ್ದಿ ಬರೆದ ವರದಿಗಾರರದು. ತಾಲೂಕಿನ ವರದಿಗಾರರಲ್ಲಿ ಒಂದು ರೂಢಿ ಇದೆ. ಎಲ್ಲರಿಗೂ ಎಲ್ಲ ಕಡೆ ಹೋಗುವುದಾಗುವುದಿಲ್ಲ, ಒಬ್ಬರು ಹೋಗಿ ಬರೆದು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ, ಉಳಿದವರು ಅದನ್ನೇ ತಮ್ಮ ತಮ್ಮ ಪತ್ರಿಕೆಗೆ ಕಳಿಸುತ್ತಾರೆ. ಅಂದು ಹೋದದ್ದು ಒಬ್ಬರೇ, ಬರೆದದ್ದು ಒಬ್ಬರೇ. ಆಸಿಫನನ್ನು ಅಲ್ಲಿ ಕಣ್ಣಾರೆ ನೋಡಲಿಲ್ಲ, ರೂಢಿಯಿಂದ ಹೆಸರು ಸೇರಿಸಿದೆ ಎಂದು ಅವರೇ ಸಹಿ ಮಾಡಿಕೊಟ್ಟಿದ್ದರು. ನಾಲ್ಕು ಸಾಕ್ಷಿ ಒಂದಾಯಿತು, ಆ ಒಂದೂ ಬಿದ್ದುಹೋಯಿತು. ಹತ್ತು ನಿಮಿಷದಲ್ಲಿ ಆದೇಶ!

ಹೊರಗೆ ಬಂದರೆ ಜಾಮೀನು ನಿಲ್ಲಲು ಇಬ್ಬರು ಬೇಕು. ಆಲಮೇಲದ ಶೇವಂತೆವ್ವ, ಅದೇ ಕುರಿ ಕಾಯುವ ಮುದುಕಿ, ಹೊಲದ ಪಹಣಿ ಉತಾರ ಸೆರಗಿನಲ್ಲಿ ಕಟ್ಟಿಕೊಂಡೇ ಬಂದಿದ್ದಳು. "ಅವ್ವಾ, ಅಂವ ಓಡಿಹೋದ್ರ ನಿನ್ನ ಹೊಲಕ್ಕ ಕುತ್ತ ಬರ್ತೈತಿ" ಎಂದು ವಕೀಲರು ಎಚ್ಚರಿಸಿದರು. ಮುದುಕಿ ಸಿಟ್ಟಾದಳು. "ಓಡಿಹೋಗೂ ಮಗಾ ಆಗಿದ್ರ ನಮ್ಮ ನೀರಿನ ಸಲುವಾಗಿ ಯಾಕ ಬಾಯಿ ಮಾಡ್ತಿದ್ದ? ಹೆಬ್ಬಟ್ಟ ಎಲ್ಲಿ ಒತ್ತಬೇಕು, ಅದನ್ನ ತೋರಸ್ರಿ." ಎರಡನೆಯವರು ಯಾರು ಗೊತ್ತೇ? ಬಸಂತರಾಯರು! "ಇದರಾಗ ಮಾತ್ರ ನನ್ನ ಹೆಸರು ಖರೇ ಇರ್ಲಿ" ಎಂದರು. ನಾವೆಲ್ಲ ನಗುತ್ತ ಅತ್ತೆವು.

ಯಾಸ್ಮಿನ, ಈ ಹದಿನಾಲ್ಕು ತಿಂಗಳಲ್ಲಿ ನಾವಿಬ್ಬರೂ ಎಷ್ಟು ಅಲೆದೆವು! ಇಂಡಿಯ ಲಿಂಬೆ ಬಜಾರದಲ್ಲಿ ಸಹಿ ಸಂಗ್ರಹ, ಬಾಗೇವಾಡಿಯಲ್ಲಿ ಸಭೆ, ಮುದ್ದೇಬಿಹಾಳದಲ್ಲಿ ಪೊಲೀಸರು ನಮ್ಮ ಬ್ಯಾನರ್ ಕಿತ್ತುಕೊಂಡಾಗ ನೀನು ಓಡಣಿಯ ಮೇಲೇ ಅವನ ಹೆಸರು ಬರೆದು ಹಿಡಿದದ್ದು. ನನ್ನ ಸಂಪಾದಕರು ಸಾಕೆಂದರೂ ನಾನು ವಾರಕ್ಕೊಂದು ಸುದ್ದಿ ಬರೆದೇ ಬರೆದೆ. "ಕಾವೇರಿ ಇರದಿದ್ರ ನನ್ನ ತಮ್ಮನ್ನ ಮಂದಿ ಮರತೇ ಬಿಡ್ತಿದ್ರು" ಎಂದು ನೀನು ಪ್ರತಿ ಸಭೆಯಲ್ಲೂ ಹೇಳುತ್ತಿದ್ದೆ.

ಶುಕ್ರವಾರ ಕ್ರೂಸರ್ ಗಾಡಿ ಮಾಡಿಕೊಂಡು ಬೆಳಿಗ್ಗೆ ಬೇಗ ಹೊರಡು. ಸಿಂದಗಿ ದಾಟಿಯೇ ಜೈಲಿಗೆ ಹೋಗಬೇಕಲ್ಲ, ಏಳಕ್ಕೆ ಬಸ್ ಸ್ಟ್ಯಾಂಡಿನ ಮುಂದೆ ನಾನು ನಿಂತಿರುತ್ತೇನೆ. ಅವನಿಗೆ ಶೇಂಗಾ ಹೋಳಿಗೆ ತರುತ್ತೇನೆ.

ಖಾಲಾನ ಪಾದಕ್ಕೆ ನಮಸ್ಕಾರ. ನಿನ್ನ ಮಕ್ಕಳಿಗೆ ಮುತ್ತು. ಅವರ ಮಾಮಾ ಬಂದ ಮೇಲೆ ನಿಮ್ಮ ಮನೆಯಲ್ಲಿ ಮತ್ತೆ ಗದ್ದಲ ತುಂಬಲಿ, ದೇವರು ಎಲ್ಲರನ್ನೂ ತಣ್ಣಗಿಟ್ಟಿರಲಿ.

ನಿನ್ನ
ಕಾವೇರಿ

ತಾ.ಕ.: ಇಲ್ಲಿಂದ ಮುಂದಿನದನ್ನು ಖಾಲಾಗೆ ಓದಬೇಡ. ಮೊದಲು ನೀನೊಬ್ಬಳೇ ಓದು.

ಅಂದು ಇಂಡಿ ರಸ್ತೆಗೆ ಹೋದ ವರದಿಗಾರ್ತಿ ನಾನೇ. ಪಟ್ಟಿ ಬರೆಯುವಾಗ ಆಸಿಫ ಕಾಣಲಿಲ್ಲ. ಗುಂಪಿನಲ್ಲಿ ಎಲ್ಲೋ ಇದ್ದಾನು, ಬಿಟ್ಟರೆ ಮತ್ತೆ ಇತರರು ಆದೆನೆಂದು ಮುನಿಸಿಕೊಳ್ಳುತ್ತಾನೆ ಎಂದು ಪ್ರೀತಿಯಿಂದ ಎಲ್ಲರಿಗಿಂತ ಮೊದಲು ಅವನ ಹೆಸರು ಹಾಕಿದೆ. ಅವನನ್ನು ಹಿಡಿದುಕೊಂಡು ಹೋದ ದಿನವೇ ಹೇಳಬೇಕಿತ್ತು. ಕೆಲಸ ಹೋಗುತ್ತದೆಂದು ಹೆದರಿದೆ. ಅದಕ್ಕಿಂತ ಹೆಚ್ಚಾಗಿ ನಿನಗೆ ಹೆದರಿದೆ. ಅಫಿಡವಿಟ್ ಕೊಟ್ಟ ಮೇಲೂ ಯಾರದೆಂದು ನಿನಗೆ ತಿಳಿಸಬಾರದೆಂದು ವಕೀಲರಿಗೆ ನಾನೇ ಆಣೆ ಹಾಕಿದ್ದೆ.

ಪ್ರತಿ ಸಲ ಜೈಲಿಗೆ ಹೋದಾಗ ಅವನದು ಒಂದೇ ಕೇಳಿಕೆ. "ಅಕ್ಕಾ, ನನ್ನ ಹೆಸರು ಬರದವರು ಯಾರು? ನೀ ಪೇಪರಿನಾಕಿ, ಹುಡುಕು." ನಾನು ಜಾಲರಿಯ ಈಚೆ ನಿಂತು, "ಹುಡುಕಾಕತ್ತೇನಿ ತಮ್ಮಾ" ಎನ್ನುತ್ತಿದ್ದೆ. ಹದಿಮೂರು ಸಲ ಹಾಗೇ ಅಂದೆ, ಯಾಸ್ಮಿನ. ಹೋದ ತಿಂಗಳು ಅವನೇ ಅಂದ, "ಬಿಡು ಅಕ್ಕಾ, ಹುಡುಕಬ್ಯಾಡ. ಪಾಪ, ಯಾರೋ ಹೊಟ್ಟಿಪಾಡಿಗೆ ಬರದಾರ. ಹೇಳಿದ್ರ ಅವರ ನೌಕರಿ ಹೋಗ್ತೈತಿ." ಅಲ್ಲಿಂದ ಮನೆಗೆ ಹೋಗಲಿಲ್ಲ, ನೇರ ಸಿದ್ಧರಾಮ ವಕೀಲರ ಬಳಿ ಹೋಗಿ ಸಹಿ ಹಾಕಿದೆ.

ಶುಕ್ರವಾರ ಏಳಕ್ಕೆ ಬಸ್ ಸ್ಟ್ಯಾಂಡಿನ ಮುಂದೆ ನಿಂತಿರುತ್ತೇನೆ. ನಿಮ್ಮ ಗಾಡಿ ನಿಲ್ಲದೆ ಮುಂದೆ ಹೋದರೂ ನಾನು ಏನೂ ಅನ್ನುವುದಿಲ್ಲ.