ಮಾವನ ಮಣ್ಣಿಗೆ ಹೋದ ಬಿತ್ತನೆ

ಓಹೊನುವಾ, ಎಉವಾ ದ್ವೀಪ
ಆಗಸ್ಟ್ ೪, ಭಾನುವಾರ ಮಧ್ಯಾಹ್ನ

ಟೊಮೆಟೊ ಸಾಮ್ರಾಜ್ಯದ ಮಹಾರಾಣಿಯಾದ ನನ್ನ ಅಮ್ಮನ ಸನ್ನಿಧಾನಕ್ಕೆ,

ಮೊದಲು ನಿನ್ನ ಸೊಂಟದ ಸಮಾಚಾರ ತಿಳಿಯಬೇಕು. ಕಳೆದ ವಾರ ಫೋನಿನಲ್ಲಿ ನೀನು ‘ಏನೂ ಇಲ್ಲ ಕಣೋ’ ಅಂದ ರೀತಿಯಲ್ಲೇ ಏನೋ ಇದೆ ಅಂತ ಗೊತ್ತಾಯಿತು. ನೀನು ದುಡಿಯುವ ಆ ಪರದೇಶದ ಟೊಮೆಟೊ ತೋಟದ ಗಾಜಿನ ಮನೆಯೊಳಗೆ ಸೆಕೆ, ಹೊರಗೆ ಕಾಲಿಟ್ಟರೆ ಮೂಳೆ ಕೊರೆಯುವ ಚಳಿ. ಒಂದೇ ದಿನದಲ್ಲಿ ಎರಡು ಋತುಗಳನ್ನು ಅನುಭವಿಸುವ ಭಾಗ್ಯ ನಮ್ಮೂರಲ್ಲಿ ಯಾರಿಗಿದೆ? ಈ ಕಾಗದ ತರುವ ಸಿಸಿಲಿಯಾಳ ಕೈಯಲ್ಲೇ ಕೊಬ್ಬರಿ ಎಣ್ಣೆಯನ್ನೂ ಕಳಿಸಿದ್ದೇನೆ, ಮಲಗುವ ಮುಂಚೆ ಯಾರಿಂದಲಾದರೂ ತಿಕ್ಕಿಸಿಕೋ. ಅಪ್ಪನೇ ಕಾಯಿಸಿದ್ದು. ಸ್ವಲ್ಪ ಕರಿಕಾಗಿದೆ, ಅದು ಔಷಧಿಯ ಗುಣ ಎಂದು ಅವನ ವಾದ. ನಾವೆಲ್ಲ ಕ್ಷೇಮ. ತಂಗಿ ಫಿಫಿತಾಗೆ ಮುಂದಿನ ಹಲ್ಲುಗಳು ಬಿದ್ದಿವೆ, ಪ್ರಾರ್ಥನೆ ಹೇಳುವಾಗ ದೇವರಿಗೂ ಎದುರಿಗೆ ಕೂತವರಿಗೂ ಸಮಾನವಾಗಿ ಎಂಜಲು ಸಿಡಿಸುತ್ತಾಳೆ. ಹಂದಿಮರಿಗೆ ನಾನು ಹೆಡ್‌ಮಾಸ್ತರರ ಹೆಸರಿಟ್ಟ ವಿಷಯ ಅವರಿಗೆ ತಲುಪಿದೆ. ವಿಚಾರಣೆ ಬಾಕಿ ಇದೆ.

ಫೋನು ಇರುವಾಗ ಕಾಗದ ಯಾಕೆ ಅಂತ ಕೇಳುತ್ತೀಯ. ಫೋನು ಮಾಡಿದರೆ ಇಡೀ ಮನೆ ಸುತ್ತ ಕೂರುತ್ತದೆ, ಪಕ್ಕದ ಮನೆಯವರೂ ಬೇಲಿಯ ಆಚೆಯಿಂದ ನಿನ್ನ ಆರೋಗ್ಯ ವಿಚಾರಿಸುತ್ತಾರೆ. ಈಗ ಹೇಳಬೇಕಾಗಿರುವುದು ಅಷ್ಟು ಜನರ ನಡುವೆ ಹೇಳುವಂಥದ್ದಲ್ಲ. ಇವತ್ತು ಭಾನುವಾರ, ದುಡಿಯುವುದು ಪಾಪ, ಬರೆಯುವುದು ಪಾಪವೋ ಅಲ್ಲವೋ ಪಾದ್ರಿಗಳು ಸ್ಪಷ್ಟವಾಗಿ ಹೇಳಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಅಪ್ಪನ ಹೆಗ್ಗೆಣಸಿನ ವಿಷಯ ನಿನಗೆ ಅರ್ಧ ಗೊತ್ತು. ಆಳುದ್ದ ಗುಂಡಿ ತೋಡಿ ಒಂದೊಂದೇ ಗೆಡ್ಡೆ ಇಡುವುದನ್ನು ಬಿಟ್ಟು, ಕೃಷಿ ಇಲಾಖೆಯ ಪೌಲಿಯಾಸಿ ಹೇಳಿದಂತೆ ಗೆಡ್ಡೆಯನ್ನು ಅಂಗೈಯಗಲದ ಚೂರು ಮಾಡಿ, ಬೂದಿ ಸವರಿ, ಮೊಳಕೆ ಬರಿಸಿ ಒತ್ತೊತ್ತಾಗಿ ನೆಟ್ಟಾಗ ಊರೆಲ್ಲ ನಕ್ಕಿತ್ತಲ್ಲ. ಕಾವಾ ಕುಡಿಯಲು ಕೂತಲ್ಲಿ ಒಬ್ಬರಂತೂ, ‘ಏನಯ್ಯಾ ಕೆಪು, ಹೆಗ್ಗೆಣಸು ಬೆಳೀತಿದೀಯೋ ಮೂಲಂಗಿನೋ?’ ಎಂದು ಅಪ್ಪನ ಮುಖಕ್ಕೇ ಕೇಳಿದ್ದರು. ಅಗೆದ ದಿನ ಯಾರೂ ನಗಲಿಲ್ಲ. ಅದೇ ನೆಲ, ಅದೇ ಮಳೆ, ಮೊದಲಿನ ಮೂರು ಪಟ್ಟು ಬಂತು. ಗೆಡ್ಡೆಗಳೆಲ್ಲ ಒಂದೇ ಅಳತೆ, ಸಿಪ್ಪೆ ಸುಲಿದು ಹೆಚ್ಚಿ ಚೀಲಕ್ಕೆ ತುಂಬಲು ಮಾಡಿಸಿದ ಹಾಗೆ. ಆಕ್ಲೆಂಡಿನ ವ್ಯಾಪಾರಿ ಬಂದು ನೋಡಿ, ಊರಿನ ಐದಾರು ಹೊಲಗಳಲ್ಲಿ ಹೀಗೇ ಬೆಳೆದರೆ ಬಂದರಿನ ಪಕ್ಕ ಶೆಡ್ಡು ಕಟ್ಟಿಸಿ, ಸುಲಿಯಲು, ತೊಳೆಯಲು, ತಣ್ಣಗಿಡಲು ಇಲ್ಲಿನ ಹೆಂಗಸರನ್ನೇ ತೆಗೆದುಕೊಳ್ಳುತ್ತೇನೆ ಎಂದ. ಮೇಲ್ವಿಚಾರಣೆಗೆ ಪ್ಯಾಕಿಂಗ್ ಗೊತ್ತಿರುವವರು ಬೇಕು ಎಂದಾಗ ಅಪ್ಪ ನಿನ್ನ ಹೆಸರು ಹೇಳಿದ. ಹೇಳುವಾಗ ಅವನ ಮುಖ ನೀನು ನೋಡಬೇಕಿತ್ತು. ಮದುವೆಯ ದಿನ ಹೇಗಿದ್ದನೋ ನಾನು ಕಂಡಿಲ್ಲ, ಆದರೆ ಹೀಗೇ ಇದ್ದಿರಬೇಕು.

ಅದಕ್ಕೇ ಆ ಬೆಳೆಯಲ್ಲಿ ಒಂದನ್ನೂ ನಾವು ತಿನ್ನಲಿಲ್ಲ, ಎಲ್ಲ ಬಿತ್ತನೆಗೆಂದು ಇಟ್ಟೆವು. ಅಗೆದ ಕೂಡಲೇ ಉಳಿದ ರೈತರಿಗೆ ಹಂಚಿಬಿಡು ಎಂದು ಪೌಲಿಯಾಸಿ ಹೇಳಿದ್ದ. ಆದರೆ ಕೃಷಿ ಪ್ರದರ್ಶನಕ್ಕೆ ಅಷ್ಟನ್ನೂ ಒಂದೇ ರಾಶಿಯಾಗಿ ಒಟ್ಟಿ, ನಕ್ಕವರೆಲ್ಲ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಲಿ ಎಂಬುದು ಅಪ್ಪನ ಆಸೆ. ರಾಶಿ ದೊಡ್ಡದಿರದೆ ಮರ್ಯಾದೆ ಎಲ್ಲಿಂದ ಬರಬೇಕು ಹೇಳು. ಪ್ರದರ್ಶನ ಮುಂದಕ್ಕೆ ಹೋಯಿತು, ರಾಶಿ ನಮ್ಮ ಕೊಟ್ಟಿಗೆಯಲ್ಲೇ ಉಳಿಯಿತು. ಅಷ್ಟರಲ್ಲಿ ತೋಕಿಲುಪೆ ಅತ್ತೆಯ ಯಜಮಾನರು, ಹೊಪೊಆತೆ ಮಾವ ತೀರಿಹೋದರು.

ಮಾವ ಹೋದದ್ದನ್ನು ಫೋನಿನಲ್ಲಿ ಹೇಳಿದ್ದೆವು. ಆಮೇಲಿನದ್ದನ್ನು ಹೇಳಲಿಲ್ಲ. ತೋಕಿಲುಪೆ ಅತ್ತೆ ಲಾರಿ ತೆಗೆದುಕೊಂಡು ಬಂದರು. ಅಪ್ಪನ ಅಕ್ಕ, ನಮ್ಮೆಲ್ಲರ ಮೇಲಿನವರು. ತಮ್ಮನ ಮನೆಯದು ಏನೇ ಇರಲಿ ಕೈಯಿಟ್ಟರೆ ಅವರದು, ಅದಕ್ಕೆ ಎದುರು ಮಾತಿಲ್ಲ. ಅವರದೂ ತಪ್ಪಲ್ಲ ಅಮ್ಮಾ. ಜೂನಿನ ಚರ್ಚ್ ಸಮಾವೇಶದ ಊಟಕ್ಕೇ ಊರಿನ ಹೆಗ್ಗೆಣಸೆಲ್ಲ ಮುಗಿದಿತ್ತು. ಗಂಡನ ಮಣ್ಣಿಗೆ ಮೂರು ಹಳ್ಳಿಯ ಜನ ಬಂದು ಕೂತಿರುವಾಗ ಬರೀ ಮರಗೆಣಸು ಬಡಿಸಿದರೆ ಅವರು ತಲೆಯೆತ್ತಿ ತಿರುಗುವುದು ಹೇಗೆ? ಲಾರಿಯ ಸದ್ದು ಕೇಳಿದ ಕೂಡಲೇ ಅಪ್ಪ ಹಿತ್ತಿಲ ಬಾಗಿಲಿನಿಂದ ಹೊಲದ ಕಡೆ ಹೊರಟುಹೋದ. ಅಕ್ಕನ ಎದುರು ಇಂಥ ಮಾತು ಆಡುವಂತಿಲ್ಲ, ಆಡದೆ ಅಲ್ಲಿ ನಿಲ್ಲಲೂ ಆಗುವುದಿಲ್ಲ. ಉಳಿದವನು ನಾನು.

ನನಗೆ ಬರುವುದು ಒಂದೇ ರೀತಿಯ ಮಾತು. ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತು, ಎದೆಯ ಮೇಲೆ ಕೈಯಿಟ್ಟು, ಮಹಾತಾಯೀ, ಈ ಗೆಡ್ಡೆಗಳೊಳಗೆ ಊರಿನ ಹೆಂಗಸರೆಲ್ಲರ ಕೆಲಸ ಮಲಗಿದೆ, ನೆಲದೊಲೆಗೆ ಹಾಕಿದರೆ ಅದೂ ಬೆಂದುಹೋಗುತ್ತದೆ, ನನ್ನ ಅಮ್ಮನೂ ಅವರಲ್ಲೊಬ್ಬಳು, ಎಂದು ನಿವೇದಿಸಿಕೊಂಡೆ. ಅತ್ತೆ ಅಳುತ್ತಿದ್ದವರು ನಕ್ಕುಬಿಟ್ಟರು. ‘ಏ ಕೋತಿ, ಮಾವ ಸತ್ತ ದಿನಾನೂ ನಿಂಗೆ ತಮಾಷೆನಾ? ಅವರಿದ್ದಿದ್ರೆ ಹೊಟ್ಟೆ ಹಿಡ್ಕೊಂಡು ನಗ್ತಿದ್ರು ಕಣೋ’ ಎಂದು ನನ್ನನ್ನು ತಬ್ಬಿಕೊಂಡು ಮತ್ತೆ ಅತ್ತರು. ಇಲ್ಲ ಅತ್ತೆ, ನಿಜವಾಗಿಯೂ ಇದು ಬಿತ್ತನೆಯದು ಅಂದೆ. ಕೆನ್ನೆ ತಟ್ಟಿದರು. ಲಾರಿ ತುಂಬಿಸಲು ನಾನೂ ಕೈ ಹಾಕಿದೆ, ಹಾಕದೆ ನಿಂತರೆ ಅವಮರ್ಯಾದೆ. ಊಟ ಚೆನ್ನಾಗಿತ್ತು ಅಂತ ಎಲ್ಲರೂ ಹೇಳಿದರು. ಅಷ್ಟು ನುಣ್ಣಗಿನ ಹೆಗ್ಗೆಣಸು ಈ ವರ್ಷ ಎಲ್ಲೂ ತಿಂದಿಲ್ಲ ಎಂದು ಪಾದ್ರಿಗಳು ಎರಡನೇ ಸಲ ಬಡಿಸಿಕೊಂಡರು.

ಪೌಲಿಯಾಸಿ ಬಂದು ಖಾಲಿ ಕೊಟ್ಟಿಗೆ ನೋಡಿದ. ಯಾರನ್ನೂ ದೂರಲಿಲ್ಲ, ಅವನಿಗೂ ಒಬ್ಬಳು ಅಕ್ಕ ಇದ್ದಾಳೆ. ಬೇರೆ ದ್ವೀಪದಿಂದ ಬಿತ್ತನೆ ತರಿಸೋಣವೆಂದರೆ ನೆಡುವ ಕಾಲ ಮುಗಿಯುತ್ತ ಬಂತು. ಅಪ್ಪನ ಹೊಲದಲ್ಲಿ ಮೊಳಕೆಗಿಟ್ಟಿದ್ದ ಒಂದು ಪಾತಿ ಮಾತ್ರ ಉಳಿದಿದೆ. ವ್ಯಾಪಾರಿಗೆ ವಿಷಯ ತಿಳಿದು, ಶೆಡ್ಡಿಗೆಂದು ಇಳಿಸಿದ್ದ ತಗಡುಗಳನ್ನು ತಂದ ಹಡಗಿನಲ್ಲೇ ವಾಪಸು ತರಿಸಿಕೊಂಡ. ಆ ದಿನ ಸಂಜೆ ಅತ್ತೆ ಬಂದರು, ಮೈಗೆಲ್ಲ ಆ ದೊಡ್ಡ ಹರಕಲು ಸೂತಕದ ಚಾಪೆ ಸುತ್ತಿಕೊಂಡು, ಒಳಗೆ ಬಾರದೆ ಹೊಸ್ತಿಲಲ್ಲೇ ಕೂತರು. ‘ನಂಗೊಂದು ಮಾತು ಹೇಳಬಾರದಿತ್ತೇನೋ ಮಾನಾಸೆ’ ಅಂದರು. ಎಳನೀರು ಕೆತ್ತಿ ಕೊಟ್ಟೆ. ಕುಡಿದು ಹೋದರು. ಅಪ್ಪ ಈಗ ದಿನಾ ಆ ಪಾತಿಯ ಹತ್ತಿರವೇ ಇರುತ್ತಾನೆ, ಹಂದಿ ನುಗ್ಗದ ಹಾಗೆ ಬೇಲಿಗೆ ಮೇಲಿಂದ ಮೇಲೆ ಮುಳ್ಳು ಹಾಕುತ್ತಾನೆ.

ಫಿಫಿತಾ ಮುತ್ತು ಕಳಿಸಿದ್ದಾಳೆ, ಕಾಗದದ ಮೂಲೆಯ ಒದ್ದೆ ಅದೇ. ಅಪ್ಪನ ನೆನಪುಗಳು. ಅತ್ತೆಯ ಆಶೀರ್ವಾದಗಳು. ನಿನ್ನ ಕೋಣೆಯಲ್ಲಿರುವ ಹೆಂಗಸರಿಗೆಲ್ಲ ನನ್ನ ಗಂಭೀರ ನಮಸ್ಕಾರಗಳು. ದೇವರು ನಿನ್ನ ಬೆನ್ನು ಕಾಯಲಿ, ಸೊಂಟವನ್ನೂ ಸೇರಿಸಿ.

ಇತಿ,
ನಿನ್ನ ಮನೆಯ ಹಂಗಾಮಿ ಆಡಳಿತಾಧಿಕಾರಿ,
ಮಾನಾಸೆ

ಮರೆತದ್ದು: ಸಿಸಿಲಿಯಾ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಇನ್ನೆರಡು ವರ್ಷದ ಕೆಲಸದ ಕರಾರಿಗೆ ಸಹಿ ಹಾಕಲೋ, ಡಿಸೆಂಬರಿಗೆ ಬಂದುಬಿಡಲೋ ಎಂದು ಕೇಳಿದ್ದೆಯಲ್ಲ. ‘ಬಂದ್ಬಿಡು ಅಂತ ಬರಿ, ಹೇಗೋ ಆಗತ್ತೆ’ ಅಂತ ಅಪ್ಪ ಹೇಳಿ ಹೋಗಿದ್ದಾನೆ. ಹೇಗೂ ಆಗುವುದಿಲ್ಲ ಅಮ್ಮಾ. ಒಂದು ಪಾತಿಯಿಂದ ಊರಿಗೆಲ್ಲ ಬಿತ್ತನೆ ಆಗಬೇಕಾದರೆ ಎರಡು ಬೆಳೆಯಾದರೂ ಬೇಕು. ಸಹಿ ಹಾಕು. ಫಿಫಿತಾ ಡಿಸೆಂಬರಿಗೆ ಅಂತ ಗೋಡೆಯ ಮೇಲೆ ಇದ್ದಿಲಿನ ಗೀಟು ಎಳೆಯುತ್ತಿದ್ದಾಳೆ. ಅವಳಿಗೆ ನೀನು ಫೋನಿನಲ್ಲಿ ಹೇಳಬೇಡ, ನಾನೇ ಹೇಳುತ್ತೇನೆ.