ನಿನಗೆ ಕಾಣದಿದ್ದ ಹಸಿರು

ಅಪ್ಪಾ,

ಮೊನ್ನೆ ನಿನ್ನ ಮೊಮ್ಮಗನನ್ನು ಕಣ್ಣು ತೋರಿಸಲು ಮೈಸೂರಿಗೆ ಕರೆದುಕೊಂಡು ಹೋಗಿದ್ದೆ. ನೀನು ತೀರಿಹೋದ ಮಾರನೇ ವರ್ಷ ಹುಟ್ಟಿದವನು. ಸ್ಕೂಲಲ್ಲಿ ಮರ ಬರೆದು ಎಲೆಗೆ ಕಂದು, ಕಾಂಡಕ್ಕೆ ಹಸಿರು ಬಳಿದಿದ್ದ. ಬೇಕಂತಲೇ ಮಾಡಿದ್ದಾನೆ ಅಂತ ಮೇಷ್ಟ್ರು ಬೈದಿದ್ದರು. ಡಾಕ್ಟರಮ್ಮ ಬಣ್ಣದ ಚುಕ್ಕೆಗಳ ಪುಸ್ತಕ ತೆರೆದು, "ಇದರೊಳಗೆ ಯಾವ ಅಂಕಿ ಕಾಣುತ್ತೆ ಮರಿ?" ಅಂದರು. ನನಗೆ ಎದ್ದು ಕಾಣುತ್ತಿದ್ದ ಅಂಕಿ ಅವನಿಗೆ ಕಾಣಲೇ ಇಲ್ಲ. ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ತಂದೆಗೂ ಹೀಗೇ ಇತ್ತಾ?"

ಆಗ ನೆನಪಾಯಿತಪ್ಪ ನನಗೆ, ನಿನ್ನ ಹೊಗೆಸೊಪ್ಪು.

ನಾನು ಐದಾರು ವರ್ಷದವಳಿದ್ದಾಗ, ಒಣಗಿದ ಹೊಗೆಸೊಪ್ಪನ್ನು ಬಣ್ಣ ನೋಡಿ ಬೇರೆ ಮಾಡಲು ಕೂತಾಗೆಲ್ಲ ನೀನು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದೆ. ಯಾರೂ ನೋಡದಾಗ ಒಂದು ಎಲೆ ಹಿಡಿದು, "ಮಗಾ, ಇದ್ರಲ್ಲಿ ಅಸ್ರು ಐತಾ?" ಅಂತ ಕಿವಿಯಲ್ಲಿ ಕೇಳುತ್ತಿದ್ದೆ. ನಾನು ಆಟ ಅಂದುಕೊಂಡು ಹೇಳುತ್ತಿದ್ದೆ. ಆಮೇಲೆ ಪಿರಿಯಾಪಟ್ಟಣದ ಹೈಸ್ಕೂಲು ಸೇರಿದೆ. ನಿನ್ನ ಪಕ್ಕ ಕೂರುವುದು ಬಿಟ್ಟೆ.

ನಾನು ಹತ್ತನೇ ಕ್ಲಾಸಲ್ಲಿದ್ದಾಗ ನೀನು ಕಟ್ಟಿದ ಸೊಪ್ಪಿನ ಮೂಟೆಯಲ್ಲಿ ಹಸಿರು ಎಲೆ ಬೆರೆತು ಹರಾಜಿನಿಂದ ವಾಪಸ್ ಬಂತಲ್ಲ, ಆ ದಿನ. ದೊಡ್ಡಪ್ಪ ಆಳುಗಳ ಮುಂದೆಯೇ, "ನೋಡ್ಕಂಡು ಮಾಡಕ್ಕೆ ಏನ್ಲಾ ದಾಡಿ ನಿಂಗೆ? ಸೋಂಬೇರಿ!" ಅಂದರು. ನೀನು ನನ್ನ ಮುಖ ನೋಡಿದೆ. ನಾನೇನಂದೆ? "ಕಣ್ಣು ಕಾಣಲ್ವಾ ಅಪ್ಪಾ ನಿಂಗೆ?" ಎಲ್ಲರೂ ನಕ್ಕರು. ನೀನೂ ನಕ್ಕೆ. ಅವತ್ತಿನಿಂದ ನೀನು ಸೊಪ್ಪು ಮುಟ್ಟಲಿಲ್ಲ, ದನ ಹೊಡೆದುಕೊಂಡು ಹೊರಟುಬಿಡುತ್ತಿದ್ದೆ. ಸಾಯುವವರೆಗೂ ಊರು ನಿನ್ನನ್ನು ಸೋಂಬೇರಿ ಅಂತಲೇ...

ಡಾಕ್ಟರಮ್ಮ ಕಾಗದದ ಮೇಲೆ ಬರೆದು ತೋರಿಸಿದರು. ಗಂಡಿಗೆ ಎಕ್ಸ್ ಅನ್ನೋ ವರ್ಣತಂತು ಒಂದೇ, ಅದು ತಾಯಿಯಿಂದ ಬರೋದು. ಹೆಣ್ಣಿಗೆ ಎರಡು. ಒಂದರಲ್ಲಿ ದೋಷವಿದ್ದರೂ ಸಾಮಾನ್ಯವಾಗಿ ಇನ್ನೊಂದು ಕಾಪಾಡುತ್ತೆ. ತಂದೆಗೆ ಈ ಬಣ್ಣಗುರುಡು ಇದ್ದರೆ ಹೆಣ್ಣುಮಕ್ಕಳಿಗೆಲ್ಲ ಆ ದೋಷ ಬಂದೇ ಬರುತ್ತೆ, ಗೊತ್ತಾಗದ ಹಾಗೆ. ಅವರ ಗಂಡುಮಕ್ಕಳಿಗೆ ಅರ್ಧಕ್ಕರ್ಧ ಅವಕಾಶ. ಅಂದರೆ ನಿನ್ನನ್ನು ಹಂಗಿಸಿದ ದಿನವೂ ಅದು ನನ್ನ ಮೈಯೊಳಗೇ ಇತ್ತು. ಅದನ್ನು ಇಟ್ಟುಕೊಂಡೇ ನಾನು...

ಊರಿಗೆ ಬಂದವಳೇ ದೊಡ್ಡಪ್ಪನಿಗೆ ಎಲ್ಲ ಹೇಳಿದೆ. ಅಗಿಯುತ್ತಿದ್ದ ಎಲೆಅಡಿಕೆ ಉಗಿದು ಬಂದು ಕೂತರು. "ಒಂದ್ಸಲನಾದ್ರೂ ಏಳ್ಬಾರ್ದಾಗಿತ್ತಾ ಅವ್ನು?" ಅಂದರು. ಏನಂತ ಹೇಳುತ್ತಿದ್ದೆ ನೀನು? ನಿನಗೆ ಕಾಣದ್ದು ನನಗೆ ಕಾಣುತ್ತೆ ಅಂತಷ್ಟೇ ಗೊತ್ತಿತ್ತು, ಅದಕ್ಕೊಂದು ಹೆಸರಿದೆ ಅಂತ ನಿನಗೆ ಹೇಗೆ ಗೊತ್ತಾಗಬೇಕಿತ್ತು?

ನನಗೀಗ ಆರು ತಿಂಗಳು, ಅಪ್ಪಾ. ಗಂಡಾದರೆ ಮತ್ತೆ ಅರ್ಧಕ್ಕರ್ಧವೇ. ಅಣ್ಣನಿಗೆ ಬಂತು ಅಂತ ತಮ್ಮನಿಗೆ ತಪ್ಪುತ್ತೆ ಅಂತಿಲ್ಲವಂತೆ. ಬಂದರೆ ಬರಲಿ. ಮೇಷ್ಟ್ರಿಗೂ ಹೇಳಿ ಬಂದಿದ್ದೇನೆ. ಮಗ ಕೇಳಿದ, "ತಾತಂಗೂ ನನ್ನಂಗೇ ಕಾಣ್ತಿತ್ತಾ ಅವ್ವಾ?" "ಊಂ ಕಣಪ್ಪ, ನಿನ್ನಂಗೇ" ಅಂದೆ. ನಿನ್ನನ್ನು ನೋಡೇ ಇಲ್ಲದ ಹುಡುಗ. ಈಗ ಸ್ಕೂಲಲ್ಲಿ ಯಾರಾದರೂ ರೇಗಿಸಿದರೆ ತಲೆ ಎತ್ತಿ ಹೇಳುತ್ತಾನಂತೆ: "ಇದು ನಮ್ ತಾತನ ಕಣ್ಣು ಕಣ್ರೋ."