ಎರಡು ಬೆರಳು ಕಡಿಮೆ

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕ,

ನಿನ್ನ ಪತ್ರ ಬಂದು ತಿಂಗಳಾಯಿತು. ತಡವಾದದ್ದಕ್ಕೆ ಕೆಲಸದ ನೆಪ ಹೇಳುವುದಿಲ್ಲ. ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲವೂ ಎದ್ದೆ. ಇವತ್ತೂ ಒಂದೊಂದು ವಾಕ್ಯಕ್ಕೆ ಕಿಟಕಿಯವರೆಗೆ ಹೋಗಿ ಬರುತ್ತಿದ್ದೇನೆ. ಮಗಳ ಮದುವೆಗೆ ಬರುವ ಮೊದಲು ಭಾವನ ಕ್ಷಮೆ ಕೇಳು, ಇಲ್ಲದಿದ್ದರೆ ಬರಬೇಡ ಎಂದು ನೀನು ಬರೆದಿದ್ದೆ. ಓದಿದಾಗ ನಗು ಬಂತು. ಖಾಲಿ ಪಿಸ್ತೂಲಿಗೆ ಎಂಥ ಕ್ಷಮೆ ಎಂದುಕೊಂಡೆ.

ಇಲ್ಲಿ ಎಲ್ಲರೂ ಆರಾಮ. ನನ್ನವಳ ಮಂಡಿನೋವು ಕಡಿಮೆಯಾಗಿದೆ. ನನ್ನ ಹಳೆಯ ಚಕಮಕಿ ಪಿಸ್ತೂಲುಗಳು ಹತ್ತೊಂಬತ್ತಾಗಿವೆ. ಕಿಡಿ ಹಾರಿಸುವ ಕಲ್ಲು ಸಮೇತ ಇರುವವು ಏಳು. ಊಟದ ಮೇಜು ಈಗ ಪೂರ್ತಿ ಅವುಗಳದ್ದೇ. "ನಾವು ತಟ್ಟೆ ತೊಡೆ ಮೇಲಿಟ್ಕೊಂಡು ಉಣ್ಣೋದು, ಇವು ಮೇಜಿನ ಮೇಲೆ ಮಲಗೋದು" ಎಂದು ಇವಳು ಬಂದವರಿಗೆಲ್ಲ ಹೇಳುತ್ತಾಳೆ.

ಹೋದ ಮಂಗಳವಾರ ಅವನ್ನು ನೋಡಲು ಒಬ್ಬರು ಬಂದಿದ್ದರು. ಹಡಗಿನಲ್ಲಿ ಇಂಜಿನಿಯರಾಗಿದ್ದ ಮುದುಕರು, ಅವರಿಗೂ ಇದೇ ಹುಚ್ಚು. ಬೇರೇನೂ ಮಾಡುವ ಮೊದಲು ಪ್ರತಿ ನಳಿಗೆಯೊಳಕ್ಕೂ ಮರದ ಕಡ್ಡಿ ಇಳಿಸಿ, ಬಾಯಿಯ ಹತ್ತಿರ ಗೆರೆ ಎಳೆದು, ಹೊರಗಿಟ್ಟು ಅಳೆದರು. ನಳಿಗೆ ಖಾಲಿಯಿದ್ದರೆ ಕಡ್ಡಿ ಬುಡದಲ್ಲಿ ಕಿಡಿ ಒಳಹೋಗುವ ತೂತಿನವರೆಗೂ ಹೋಗಬೇಕು. ಹಿತ್ತಾಳೆ ಹಿಡಿಯಿರುವುದರಲ್ಲಿ ಎರಡು ಬೆರಳು ಮೊದಲೇ ನಿಂತಿತು.

"ಇದು ಬಸುರಿ ಕಣ್ರೀ" ಎಂದರು.

ಕಲ್ಲು ಬಿಚ್ಚಿಟ್ಟು, ಕಡ್ಡಿಯ ತುದಿಗೆ ಸ್ಕ್ರೂ ಸಿಕ್ಕಿಸಿ, ತಿರುಗಿಸಿ ಎಳೆದರು. ಸೀಸದ ಗುಂಡು, ಬಟ್ಟೆಯ ಚೂರು, ಆಮೇಲೆ ಕಪ್ಪು ಮದ್ದು. ಅಂಗಳದಲ್ಲಿ ಒಂದು ಚಿಟಿಕೆ ಮದ್ದಿಗೆ ಬೆಂಕಿ ಮುಟ್ಟಿಸಿದರು. ಭುಸ್ಸೆಂದು ಹತ್ತಿತು. "ಎಷ್ಟು ವರ್ಷ ಆದ್ರೂ ಇದಕ್ಕೆ ವಯಸ್ಸಾಗಲ್ಲ" ಎಂದು ಕೈ ಒರೆಸಿಕೊಂಡರು.

ಅಕ್ಕ, ಮೂರು ವರ್ಷದ ಹಿಂದೆ ನಾನು ಭಾವನಿಗೆ ಹಿಡಿದದ್ದು ಅದೇ ಪಿಸ್ತೂಲು.

ನಿನಗೆ ನೆನಪಿದ್ದೇ ಇದೆ. ಭಾವ ಹಲ್ಲಿನ ಡಾಕ್ಟರಲ್ಲವೆ, ನಳಿಗೆಯೊಳಗೆ ಇಣುಕಿ, "ಇದಕ್ಕೆ ರೂಟ್ ಕೆನಾಲ್ ಆಗ್ಬೇಕು ಕಣಯ್ಯ. ನಿನ್ನ ಮ್ಯೂಸಿಯಂ ಪೂರ್ತಿ ಹುಳುಕು" ಎಂದರು. ಎಲ್ಲರೂ ನಕ್ಕರು, ನೀನೂ ನಕ್ಕೆ. ನಾನು ಅದನ್ನು ಅವರ ಕೈಯಿಂದ ತೆಗೆದುಕೊಂಡು, "ಬಾಯಿ ತೆಗೀರಿ ಭಾವ" ಎಂದು ಮುಖಕ್ಕೇ ಹಿಡಿದು ಟ್ರಿಗರ್ ಎಳೆದೆ. ಕಿಡಿ ಹಾರಿತು. ಅವರು ಕುರ್ಚಿ ಸಮೇತ ಹಿಂದಕ್ಕೆ ಬಿದ್ದರು. ಅಂದಿನಿಂದ ನಮ್ಮ ಕಡೆಯವರು ಅವರನ್ನು ಕಂಡಲ್ಲೆಲ್ಲ "ಬಾಯಿ ತೆಗೀರಿ ಭಾವ" ಎನ್ನುತ್ತಾರೆ. ಅವರು ನಮ್ಮ ಮೆಟ್ಟಿಲು ಹತ್ತಿಲ್ಲ. ಪುಕ್ಕಲ ಎಂದು ಹೆಸರಿಟ್ಟವನು ನಾನೇ.

ಕಲ್ಲಿನ ಕೆಳಗೆ ಕಿಡಿ ಬೀಳುವ ಬಟ್ಟಲಲ್ಲಿ ಮದ್ದಿರಲಿಲ್ಲ, ಬುಡದ ತೂತಿಗೆ ತುಕ್ಕು ಕಟ್ಟಿತ್ತು. ಒಳಕ್ಕೆ ಕಿಡಿ ಹೋಗಲಿಲ್ಲ. ನಿನ್ನ ಗಂಡನನ್ನು ಉಳಿಸಿದ್ದು ತುಕ್ಕು.

ಮಂಗಳವಾರದಿಂದ ಉಳಿದ ಹದಿನೆಂಟಕ್ಕೂ ದಿನಾ ಕಡ್ಡಿ ಇಳಿಸುತ್ತೇನೆ. ಎಲ್ಲ ಖಾಲಿ, ಗೊತ್ತು, ಆದರೂ ಮತ್ತೆ ಇಳಿಸುತ್ತೇನೆ. "ಅವೇನು ಓಡಿಹೋಗ್ತಾವಾ?" ಎಂದು ಇವಳು ಕೇಳಿದಳು. ಇವಳಿಗಿನ್ನೂ ಹೇಳಿಲ್ಲ.

ಈ ಪತ್ರವನ್ನು ಭಾವನಿಗೆ ಓದಿ ಹೇಳು, ಆದರೆ ಎಲ್ಲರೆದುರಿಗೇ ಓದು. ನನ್ನನ್ನು ಕರೆಯುವುದು ಬಿಡುವುದು ಅವರ ಇಷ್ಟ. ಹುಡುಗಿಗೆ ಸೋದರಮಾವನ ಆಶೀರ್ವಾದ. ಹೋದ ಮನೆಯಲ್ಲಿ ತಣ್ಣಗಿರಲಿ.

ನಿನ್ನ ತಮ್ಮ

ಮರೆತೆನೆಂದಲ್ಲ, ಬರೆಯಲಾಗದೆ ಬಿಟ್ಟದ್ದು: ಮೇಲಿನದನ್ನು ಓದಿದವರಿಗೆ ನನಗೇನೂ ತಿಳಿದಿರಲಿಲ್ಲ ಅನ್ನಿಸುತ್ತದೆ. ಕಡ್ಡಿ ಇಳಿಸಿ ನೋಡುವ ಕ್ರಮ ನನಗೆ ಮೊದಲಿಂದಲೂ ಗೊತ್ತು. ಅವತ್ತು ನೀವು ಬರುವ ಮೊದಲು, ಬೆಳಗ್ಗೆ, ಇಳಿಸಿ ನೋಡಿದ್ದೆ. ಎರಡು ಬೆರಳು ಕಡಿಮೆ ಬಂದಿತ್ತು. ಕಸವಿರಬೇಕು ಎಂದುಕೊಂಡು ಮೇಜಿನ ಮೇಲಿಟ್ಟೆ. ಭಾವನ ಮುಖಕ್ಕೆ ಹಿಡಿದಾಗ ಅದು ನೆನಪಿತ್ತೇ ಎಂದು ನೀನು ಕೇಳುತ್ತೀಯ. ನೆನಪಿತ್ತು. ಇಷ್ಟನ್ನು ಅವರಿಗೆ ಓದುವುದೋ ಬೇಡವೋ ನೀನೇ ನೋಡು ಎಂದು ಬರೆದು, ಆ ಸಾಲನ್ನು ಹೊಡೆದುಹಾಕಿದ್ದೇನೆ. ಇದನ್ನೂ ಓದು.